ವಾಲ್ದೋರಿನ ಜಯಗಾನ

ಲೂರೆನ್ ನದಿಯ ತಿರುವಿನಲ್ಲಿ, ಬೂದುಗಲ್ಲಿನ ಕೋಟೆಯನ್ನು ಸೊಂಟಪಟ್ಟಿಯಂತೆ ಬಿಗಿದುಕೊಂಡು ನಿಂತಿದ್ದ ವಾಲ್ದೋರ್ ರಾಜಧಾನಿಯಲ್ಲಿ ಅಂದು ಕಮ್ಮಾರರ ಕುಲುಮೆಗಳು ಆರಿದ್ದವು, ಸೇತುವೆಯ ಮೇಲೆ ಉಣ್ಣೆಯ ವರ್ತಕರ ಗಾಡಿಗಳು ಸ್ತಬ್ಧವಾಗಿದ್ದವು. ಇನ್ನೂ ಗೋಪುರ ಮುಗಿಯದ ಮಹಾ ಇಗರ್ಜಿಯ ಮುಂದೆ, ಮೇಣದ ಹೊಗೆಯೂ ಕುದುರೆಗಳ ಉಸಿರೂ ಬೆರೆತ ಚಳಿಗಾಳಿಯಲ್ಲಿ, ಜನ ನೆರೆದಿದ್ದರು.

ಅರಸ ತೀರಿಕೊಂಡು ತಿಂಗಳಾಗಿತ್ತು. ಮುಂದಿನ ಒಡೆಯರು ಯಾರೆಂಬುದನ್ನು ಆ ನಾಡಿನಲ್ಲಿ ಕಿರೀಟ ಹೇಳುತ್ತಿರಲಿಲ್ಲ, ಜಯಗಾನ ಹೇಳುತ್ತಿತ್ತು. ಇಗರ್ಜಿಯ ಗಾಯಕಮುಖ್ಯನು ತನ್ನೆದುರು ನಿಂತ ಯಾರ ಹೆಸರನ್ನು ಹಾಡುವನೋ ಅವರೇ ಒಡೆಯರು. ಗಂಟೆ ಬಾರಿಸಿ ಗಾನ ಮೊದಲಾದ ಕ್ಷಣದಿಂದ ಅದರ ಕೊನೆಯ ಸ್ವರ ನಿಲ್ಲುವವರೆಗೆ ಬಾಗಿಲುಗಳೆಲ್ಲ ತೆರೆದಿರಬೇಕು, ಕಾವಲಿನವರು ಕತ್ತಿಗಳನ್ನು ನೆಲಕ್ಕಿಡಬೇಕು, ಯಾರ ದಾರಿಯನ್ನೂ ಯಾರೂ ತಡೆಯಬಾರದು. ಗಾನ ನಡುವೆ ತುಂಡಾದರೆ ಎಲ್ಲವೂ ಅಸಿಂಧು.

ಗಾಯಕಮುಖ್ಯ ಬೆರೆಂಗಾರ್ ವೃದ್ಧ ಸನ್ಯಾಸಿ. ಅರಸನ ಒಬ್ಬಳೇ ಮಗಳು ಎರ್ಮೆಂಗಾರ್ಡಳಿಗೆ ಹಾಡು ಕಲಿಸಿದವನು. ಸಾಯುವಾಗ ಅರಸನು ಅವನ ಕೈ ಹಿಡಿದು, ಮಗಳ ಹೆಸರನ್ನೇ ಹಾಡಬೇಕೆಂದು ಮಾತು ತೆಗೆದುಕೊಂಡಿದ್ದನು. ಅರಸನ ತಮ್ಮ ರೈನಾಲ್ಡನು ಮರುದಿನವೇ, ಶೋಕಾಚರಣೆಯ ನೆಪದಲ್ಲಿ, ಅವಳನ್ನು ನದಿಯಾಚೆಯ ಕನ್ಯಾಮಠಕ್ಕೆ ಸಾಗಿಸಿ ಕಾವಲು ಹಾಕಿಸಿದನು. ಗಂಟೆ ಕೇಳಿ ಕಾವಲು ಸರಿದರೂ ಅವಳು ಮಠದ ತೋಟ ದಾಟುವಷ್ಟರಲ್ಲಿ ಗಾನ ಮುಗಿದಿರುತ್ತದೆ. ಅದು ಅವನ ಲೆಕ್ಕಾಚಾರ.

ಜಯಗಾನದ ಹಿಂದಿನ ದಿನ ಅವನು ಬೆರೆಂಗಾರನನ್ನು ಅರಮನೆಗೆ ಕರೆಸಿ, ಯಾರ ಹೆಸರು ಹಾಡಬೇಕೆಂದೂ ಬೇರೆ ಹೆಸರು ಬಾಯಿಗೆ ಬಂದರೆ ಏನಾಗುವುದೆಂದೂ ಮೆಲ್ಲಗೆ ತಿಳಿಸಿದನು. ಬೆರೆಂಗಾರನು ಎಲ್ಲವನ್ನೂ ಕೇಳಿ ತಲೆಬಾಗಿ, ಒಂದೇ ಪ್ರಶ್ನೆ ಕೇಳಿದನು.

"ಮಹಾಪ್ರಭುಗಳಿಗೆ ಹಳೆಯ ರೀತಿಯ ಗಾನವೋ, ಹೊಸ ರೀತಿಯದೋ?"

ಹಳೆಯದರಲ್ಲಿ ಎಲ್ಲರೂ ಒಂದೇ ರಾಗವನ್ನು ಒಂದಾಗಿ ಹಾಡುತ್ತಿದ್ದರು. ಬಟ್ಟಲು ಗಂಜಿ ಕುಡಿಯುವಷ್ಟರಲ್ಲಿ ಅದು ಮುಗಿಯುತ್ತಿತ್ತು. ಹೊಸದು ಬೆರೆಂಗಾರನೇ ಕಟ್ಟಿದ್ದು. ಹಳೆಯ ಗಾನದ ಒಂದೊಂದು ಅಕ್ಷರವನ್ನೂ ಕೆಳಗಿನವರು ಆಧಾರಸ್ವರವಾಗಿ ಎಳೆದು ಹಿಡಿದಿರುತ್ತಿದ್ದರು. ಅದರ ಮೇಲೆ ಒಂದೇ ದನಿ ಬಳ್ಳಿಯಂತೆ ಹಬ್ಬುತ್ತಿತ್ತು. ರೈನಾಲ್ಡನು ಅದನ್ನು ಬೆಕ್ಕಿನ ಜಗಳವೆಂದು ಹೀಯಾಳಿಸಿದ್ದವನು. ಆದರೆ ಈಗ ಅವನ ಕಣ್ಣಲ್ಲಿ ಬೇರೆಯೇ ಬೆಳಕಿತ್ತು. ನೆರೆನಾಡಿನ ರಾಯಭಾರಿಗಳು ಬರುವವರಿದ್ದರು.

"ಹೊಸದು," ಎಂದನು. "ನನ್ನ ಅಣ್ಣನಿಗೆ ಹಾಡಿದ್ದಕ್ಕಿಂತ ಉದ್ದವಾಗಿರಲಿ."

"ಅಪ್ಪಣೆ. ಪ್ರಭುಗಳು ಬಯಸಿದ್ದಕ್ಕಿಂತಲೂ ಉದ್ದವಾಗಿರುತ್ತದೆ."

ಅಂದೇ ಸಂಜೆ ಮೇಣ ಕೊಳ್ಳಲು ಬಂದ ಕನ್ಯಾಮಠದ ಹಿರಿಯಳ ಕಿವಿಯಲ್ಲಿ ಬೆರೆಂಗಾರನು ಹೇಳಿದ್ದು ಇಷ್ಟೇ: ಗಂಟೆ ಕೇಳಿದೊಡನೆ ಮಗು ಹೊರಡಲಿ.

ಈಗ, ಇಗರ್ಜಿಯೊಳಗೆ, ಆಧಾರಸ್ವರ ಹಿಡಿಯುವವರ ಮುಖಂಡ ಗಿಸ್ಬೆರ್ಟ್ ಬೆರೆಂಗಾರನ ಪಕ್ಕದಲ್ಲಿ ಗೊಣಗುತ್ತಿದ್ದನು. ಸನ್ಯಾಸ ಕೈಗೊಂಡಂದಿನಿಂದ ಅವನ ಜೊತೆಗಾರ, ಗೊಣಗದ ದಿನವಿಲ್ಲ.

"ನೀನೇನಪ್ಪ, ಮೇಲೆ ಹಕ್ಕಿಯ ಹಾಗೆ ಹಾರಾಡುತ್ತೀಯ. ನಾವು ಕೆಳಗೆ ಗಾಣದ ಎತ್ತುಗಳು."

"ಇವತ್ತು ಸರದಿಯಲ್ಲಿ ಉಸಿರು ತೆಗೆದುಕೊಳ್ಳಿ," ಎಂದನು ಬೆರೆಂಗಾರ್. "ಏನೇ ಆದರೂ ಸ್ವರ ತುಂಡಾಗಬಾರದು."

"ಏನೇ ಆದರೂ ಅಂದರೆ?"

ಬೆರೆಂಗಾರನು ಕಣ್ಣಿನಲ್ಲೇ ಹಿಂದಕ್ಕೆ ತೋರಿಸಿದನು. ಅಲ್ಲೊಬ್ಬ ಹೊಸ ಸನ್ಯಾಸಿ ನಿಂತಿದ್ದ. ನಿಲುವಂಗಿಯ ಕೆಳಗೆ ಸೈನಿಕನ ಪಾದರಕ್ಷೆಗಳಿದ್ದವು. ಗಿಸ್ಬೆರ್ಟ್ ನೋಡಿದನು. ಮತ್ತೆ ಗೊಣಗಲಿಲ್ಲ.

ಗಂಟೆ ಬಾರಿಸಿತು. ಕಲ್ಲಿನ ಮೇಲೆ ಕತ್ತಿಗಳಿಟ್ಟ ಸದ್ದು ಇಗರ್ಜಿಯಿಂದ ಬೀದಿಗೆ, ಬೀದಿಯಿಂದ ಸೇತುವೆಗೆ ಹರಡುತ್ತ ಹೋಯಿತು. ರೈನಾಲ್ಡನು ತನ್ನ ಖಡ್ಗವನ್ನು ಬಲಿಪೀಠದ ಮೇಲಿಟ್ಟು ಮಂಡಿಯೂರಿದನು. ಆಧಾರಸ್ವರ ನೆಲದಿಂದೆದ್ದಂತೆ ಎದ್ದಿತು.

ಬೆರೆಂಗಾರ್ ಹಾಡಿದನು. ಅಕ್ಷರಕ್ಕೊಂದು ಆಕಾಶ ಕಟ್ಟಿದನು. ಹಾಡುತ್ತಲೇ ಮನಸ್ಸಿನಲ್ಲಿ ಹುಡುಗಿಯ ಜೊತೆ ನಡೆದನು: ಈಗ ತೋಟ ದಾಟಿರಬೇಕು, ಈಗ ನದಿಯ ಇಳಿಜಾರು, ಈಗ ಗಾಡಿಗಳ ನಡುವೆ ಸೇತುವೆ. ಮೊದಮೊದಲು ರೈನಾಲ್ಡನ ಮುಖದಲ್ಲಿ ಹೆಮ್ಮೆಯಿತ್ತು. ಆಮೇಲೆ ಮಂಡಿ ನೋಯತೊಡಗಿತು. ಆಮೇಲೆ ಅವನು ತೆರೆದ ಬಾಗಿಲನ್ನು ನೋಡಿದನು, ಬೆರೆಂಗಾರನನ್ನು ನೋಡಿದನು, ಅವನಿಗೆ ಅರ್ಥವಾಯಿತು. ಅವನ ತಲೆಯ ಸನ್ನೆಯೊಂದಕ್ಕೆ, ಗಾಯಕನ ಬೆನ್ನಿಗೆ ಕಬ್ಬಿಣದ ಮೊನೆ ತಾಗಿತು.

ಹೆಸರೊಂದೇ ಉಳಿದಿತ್ತು. ಗಂಟಲು ಒಣಗಿತ್ತು. ಬಾಗಿಲಲ್ಲಿ ಅವಳಿನ್ನೂ ಕಾಣಿಸಿರಲಿಲ್ಲ. ಬೆರೆಂಗಾರನು ಹೆಸರಿಗೆ ಮುಂಚಿನ ಕೊನೆಯ ಅಕ್ಷರವನ್ನೇ ಮತ್ತೆ ಹಿಡಿದು ಮೇಲೇರಿದನು, ಇಳಿದನು, ಮತ್ತೆ ಏರಿದನು. ಮೊನೆ ಬಟ್ಟೆ ಸೀಳಿ ಚರ್ಮಕ್ಕಿಳಿಯಿತು.

ಬಾಗಿಲಲ್ಲಿ ಜನ ಇಬ್ಭಾಗವಾದರು. ಮಂಡಿಯವರೆಗೆ ಕೆಸರು ಮೆತ್ತಿಕೊಂಡು, ಏದುಸಿರು ಬಿಡುತ್ತ ಎರ್ಮೆಂಗಾರ್ಡ್ ಒಳಗೆ ಬಂದಳು. ರೈನಾಲ್ಡನ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಬೆರೆಂಗಾರ್ ಅವಳ ಹೆಸರಿನ ಮೊದಲ ಅಕ್ಷರವನ್ನೆತ್ತಿದನು. ಅಷ್ಟಕ್ಕೇ ಕಠಾರಿ ಪೂರ್ತಿ ಇಳಿಯಿತು. ಉಳಿದ ಅಕ್ಷರಗಳನ್ನು ಅವನು ಹಳೆಯ ರೀತಿಯಲ್ಲಿ ಹಾಡಿದನು, ಒಂದೇ ಉಸಿರಿನಲ್ಲಿ, ಯಾವ ಅಲಂಕಾರವೂ ಇಲ್ಲದೆ. ಆಮೇಲೆ ಮೇಲಿನ ದನಿ ನಿಂತಿತು.

ಕೆಳದನಿ ನಿಲ್ಲಲಿಲ್ಲ. ಗಿಸ್ಬೆರ್ಟ್ ಒಂದು ತೋಳಿನಲ್ಲಿ ಕುಸಿದ ಗೆಳೆಯನನ್ನು ಒರಗಿಸಿಕೊಂಡು, ಕಣ್ಣೀರು ಬಾಯಿಗಿಳಿಯುತ್ತಿದ್ದರೂ ಸ್ವರವನ್ನು ಹಿಡಿದೇ ಇದ್ದನು. ಅವನ ಉಸಿರು ಮುಗಿದಲ್ಲಿ ಪಕ್ಕದವನು ಹಿಡಿದನು. ಎರ್ಮೆಂಗಾರ್ಡ್ ಬಲಿಪೀಠ ಮುಟ್ಟುವವರೆಗೆ ಅದು ತುಂಡಾಗಲಿಲ್ಲ. ಸೈನಿಕರು ಕತ್ತಿ ಎತ್ತಿಕೊಂಡರು, ಅವಳಿಗಾಗಿ.

ಆ ರಾಜ್ಯವಿದ್ದಷ್ಟು ಕಾಲವೂ ಜಯಗಾನದಲ್ಲಿ ಹೆಸರು ಮುಗಿದೊಡನೆ ಮೇಲಿನ ದನಿ ಮೌನವಾಗುತ್ತಿತ್ತು, ಆಧಾರಸ್ವರವೊಂದೇ ಸಾಗುತ್ತಿತ್ತು. ಅಷ್ಟು ಹೊತ್ತೂ ಒಡೆಯರು ತಲೆತಗ್ಗಿಸಿ ನಿಂತಿರುತ್ತಿದ್ದರು.