ಅವನೂ ನಕ್ಕಿದ್ದ

ಕಾರ್ಖಾನೆಯ ಗೇಟಿನಲ್ಲಿ ಎಂಟು ಗಂಡಸರು ಒಟ್ಟಿಗೆ ನಕ್ಕರು. ಅಜ್ಮತುನ್ನೀಸಾಳ ಕಣ್ಣಿಗೆ ಬಿದ್ದದ್ದು ಒಬ್ಬನೇ. ಬಾಯಿತುಂಬ ಅನ್ನ ಇಟ್ಟುಕೊಂಡೇ ನಗುತ್ತಿದ್ದವನು. ಹಲ್ಲಿನ ಸಂದಿಯಲ್ಲಿ ಅಗುಳು, ಗದ್ದದ ಮೇಲೆ ಸಾರು...

ಅವಳು ಮುಖ ತಿರುಗಿಸಿಕೊಂಡಳು.

ಅದು ೧೯೭೧. ಕೃಷ್ಣರಾಜನಗರದಲ್ಲಿ ತಾಯಿ ತೀರಿಕೊಂಡ ಮೇಲೆ ಅವಳು ನೀಲಗಿರಿಯಲ್ಲಿದ್ದ ತಂದೆ ಸರ್ದಾರ್ ಪಾಷಾ ಅವರ ಬಳಿಗೆ ಬಂದು ವಾರವಾಗಿತ್ತಷ್ಟೆ. ಬೆಟ್ಟದ ರೈಲು ನಿಲ್ಲುವ ಪುಟ್ಟ ಊರು. ಒಂದು ನಿಲ್ದಾಣ, ಎರಡು ಸಾಲು ಕ್ವಾರ್ಟರ್ಸು, ಕೆಳಗೆ ಇಳಿಜಾರಿನಲ್ಲಿ ಇಂಜಿನ್ನಿನ ಬಿಡಿಭಾಗ ಮಾಡುವ ಕಾರ್ಖಾನೆ. ಪಾಷಾ ಅಲ್ಲಿ ಕಮ್ಮಾರರು. ಅವರಿಗೆ ಮಧ್ಯಾಹ್ನದ ಬುತ್ತಿ ಒಯ್ದಿದ್ದಳು. ಎಲೆಅಡಿಕೆ ಅಗಿಯುತ್ತ ನಿಂತಿದ್ದ ಫೋರ್‌ಮನ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾವ ಹೆಣ್ಣಿನ ಬಗ್ಗೆಯೂ ಆಡಬಾರದ ಮಾತೊಂದನ್ನು ಆಡಿದ. ಅದಕ್ಕೇ ಆ ನಗು.

ಅಬ್ಬಾನಿಗೆ ಹೇಳಲಿಲ್ಲ. ಹೇಳಿದರೆ ಸುತ್ತಿಗೆ ಹಿಡಿದೇ ಹೋಗುತ್ತಾರೆ, ಜೈಲು ಸೇರುತ್ತಾರೆ ಎಂಬ ಭಯ.

ಮರುವಾರ ಅಬ್ಬಾ ಸಂಭ್ರಮದಿಂದ ಒಬ್ಬನನ್ನು ಮನೆಗೆ ಕರೆತಂದರು. ಹುಣಸೂರಿನ ಖದೀರ್, ಫಿಟ್ಟರ್, ನಮ್ಮ ಕಡೆಯವನೇ, ನಿನ್ನನ್ನು ಮದುವೆಗೆ ಕೇಳುತ್ತಿದ್ದಾನೆ ಎಂದರು. ಪರದೆಯ ಸಂದಿಯಿಂದ ನೋಡಿದಳು.

ಅದೇ ಬಾಯಿ!

'ಇದರ ಎದುರು ಕೂತು ಜನ್ಮಪೂರ್ತಿ ಉಣ್ಣಬೇಕೇ...' ಅವನು ಚಹಾ ಕುಡಿದಿಟ್ಟ ಲೋಟವನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು. ಆದರೂ ಅದರಲ್ಲಿ ನೀರು ಕುಡಿಯಲಾಗಲಿಲ್ಲ.

ಒಲ್ಲೆ ಎಂದಳು. ಕಾರಣ ಬಾಯಿಬಿಡಲಿಲ್ಲ. ಖದೀರ್ ಮಾತ್ರ ಸೌದೆ ಒಡೆದು ಬಾಗಿಲಿಗೆ ಇಟ್ಟು ಹೋಗುತ್ತಿದ್ದ, ಪೇಟೆಯಿಂದ ಮೊಟ್ಟೆ ತಂದುಕೊಡುತ್ತಿದ್ದ. ಅವನ ಒಂದೊಂದು ಉಪಕಾರವೂ ಅವಳಿಗೆ ಎಂಜಲಿನಂತೆ ಕಾಣುತ್ತಿತ್ತು.

ಕೊನೆಗೆ ಒಂದು ದಿನ ನಿಲ್ದಾಣದ ನಲ್ಲಿಯ ಬಳಿ ಅವನೇ ಎದುರಾಗಿ, ತನ್ನಲ್ಲಿ ಏನು ಕುಂದು ಕಂಡಿರಿ ಎಂದು ಕೇಳಿದ.

"ಅವತ್ತು ಗೇಟಲ್ಲಿ ಆ ಮಾತಿಗೆ ನೀವೂ ನಕ್ರಿ. ನಿಮ್ಮನ್ನ ಕಂಡ್ರೆ ವಾಕರಿಕೆ ಬತ್ತದೆ."

ಖದೀರ್ ಇಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ ಹೊರಟುಹೋದ.

ಮರುದಿನ ಅವಳು ಬುತ್ತಿ ತಂದಾಗ ಫೋರ್‌ಮನ್ ಮತ್ತೆ ನಾಲಗೆ ಹರಿಬಿಟ್ಟ. ಮಾತು ಮುಗಿಯುವ ಮೊದಲೇ ಖದೀರ್ ಊಟ ಬಿಟ್ಟು ಎದ್ದ.

"ಬಾಯಿ ಮುಚ್ಚಿ ಸಾರ್. ಅವತ್ತು ನಾನೂ ನಕ್ಕಿದ್ದೆ, ನಾಯಿ ಅಂಗೆ. ಇನ್ನು ನಗಾಕಿಲ್ಲ."

ಫೋರ್‌ಮನ್ ಬಾಯಲ್ಲಿದ್ದ ಕೆಂಪು ಎಂಜಲನ್ನು ಅವನ ಮುಖಕ್ಕೇ ಉಗಿದ. ಹುಬ್ಬಿನಿಂದ ಗಲ್ಲದವರೆಗೆ ಅದು ಇಳಿಯುತ್ತಿದ್ದರೂ ಖದೀರ್ ಒರೆಸಿಕೊಳ್ಳಲಿಲ್ಲ. ನೇರ ಕುಲುಮೆಗೆ ಹೋಗಿ ಪಾಷಾ ಅವರಿಗೆ ಎಲ್ಲವನ್ನೂ ಹೇಳಿದ, ತಾನು ನಕ್ಕಿದ್ದನ್ನೂ ಸೇರಿಸಿ. ಪಾಷಾ ಮೊದಲು ಅವನ ಕೆನ್ನೆಗೆ ಬಾರಿಸಿದರು. ಆಮೇಲೆ ಹೋಗಿ ಫೋರ್‌ಮನ್ನಿನ ಕೊರಳಪಟ್ಟಿ ಹಿಡಿದರು.

ಸಂಜೆಯೊಳಗೆ ಪಾಷಾ, ಖದೀರ್ ಇಬ್ಬರ ಕೆಲಸವೂ ಹೋಯಿತು.

ಎಂಜಲು ಇಳಿಯುತ್ತಿದ್ದ ಆ ಮುಖ ಅವಳನ್ನು ಬಿಡಲಿಲ್ಲ. ವಿಚಿತ್ರವೆಂದರೆ ಅದನ್ನು ನೆನೆದರೆ ವಾಕರಿಕೆ ಬರುತ್ತಿರಲಿಲ್ಲ... ತಾನು ಸೆರಗಿನಿಂದ ಒರೆಸಬೇಕಿತ್ತು ಎನಿಸುತ್ತಿತ್ತು.

ತಂದೆ ಮಗಳು ಕೃಷ್ಣರಾಜನಗರಕ್ಕೆ ಮರಳಿದರು. ಪಾಷಾ ಮನೆಯ ಪಕ್ಕದಲ್ಲೇ ಕುಲುಮೆ ಹೂಡಿ ಕಬ್ಬು ಕಡಿಯುವ ಕತ್ತಿ ಮಾಡತೊಡಗಿದರು. ಎಂಟು ತಿಂಗಳ ನಂತರ ಒಂದು ಮಧ್ಯಾಹ್ನ ಖದೀರ್ ಬಂದ. ಹುಣಸೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದನಂತೆ. ಪಾಷಾ ನಮಾಜಿಗೆ ಹೋಗಿದ್ದರಿಂದ ಬೀದಿಯಲ್ಲೇ ನಿಂತ.

"ಅವತ್ತು ಯಾಕೆ ನಕ್ರಿ?" ಬಾಗಿಲ ಮರೆಯಿಂದ ಕೇಳಿದಳು.

"ಎಲ್ಲಾರೂ ನಕ್ರು. ನಗದಿದ್ರೆ ನನ್ನ ಮೇಲೆ ಬೀಳ್ತಾನೆ ಅಂತ ಎದರ್ಕಂಡೆ. ಅಷ್ಟೇ ಕಣ್ರೀ."

ಅವನು ಇನ್ನೇನಾದರೂ ಹೇಳಿ ಸಾಚಾ ಆಗಲು ನೋಡಿದ್ದರೆ ಅವಳು ಕದ ಹಾಕಿಬಿಡುತ್ತಿದ್ದಳು.

"ನಂಗಿನ್ನೂ ಅಸಹ್ಯ ಪೂರ್ತಿ ಹೋಗಿಲ್ಲ."

"ಹೋಗೋ ಗಂಟ ಕಾಯ್ತೀನಿ."

"ಹುಣಸೂರಲ್ಲಿ ಕೂತು ಕಾದ್ರೆ ಹೋಗಾಕಿಲ್ಲ." ಅವಳು ಜಗಲಿಯ ಮೇಲೆ ಚಾಪೆ ಹಾಸಿದಳು. "ಕೂತ್ಕಳಿ. ಅಬ್ಬಾ ಬತ್ತಾರೆ, ಅವರನ್ನ ಕೇಳಿ."

"ಏನಂತ ಕೇಳ್ಲಿ?"

"ಅದನ್ನೂ ನಾನೇ ಹೇಳಿಕೊಡಬೇಕಾ?" ಎಂದು ಅವಳು ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು.