ಮೆಟ್ಟಿಲ ತಿರುವಿನ ಪ್ಲಗ್

ಯಾರಾದರೂ ಹೆಸರು ಕೇಳಿದರೆ ಕೊಟ್ಟೂರೇಶ್ ಜೇಬಿನಿಂದ ಕಾರ್ಡ್ ತೆಗೆದು ಕೊಡುತ್ತಿದ್ದ. ದಾವಣಗೆರೆಯ ಎಂ.ಸಿ.ಸಿ. 'ಬಿ' ಬ್ಲಾಕಿನ ಆ ಮನೆಯ ಗೇಟಿನಲ್ಲೂ ಹಾಗೇ ಮಾಡಿದ.

ಗೇಟು ತೆಗೆದವಳು ಕಾರ್ಡ್ ನೋಡಲಿಲ್ಲ, ಅವನ ಮುಖ ನೋಡಿದಳು. ಕೂದಲು ಗಂಟು ಹಾಕಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿದ್ದಳು. ಮಧ್ಯಾಹ್ನದ ಬಿಸಿಲು ಬೇವಿನ ಎಲೆಗಳಿಂದ ಸೋಸಿ ಬಂದು ಅವಳ ಕೆನ್ನೆಯ ಮೇಲೆ ಅಲ್ಲಾಡುತ್ತಿತ್ತು.

“ನಿಖತ್ ಹೇಳಿದ್ರಲ್ಲ, ಹರಿಹರದಿಂದ ಬರ್ತಾರೆ ಅಂತ, ಅವರು ನೀವೇನಾ?”

ಅವನು ತಲೆಯಾಡಿಸಿದ.

“ಹೆಸರೇನ್ರಿ?”

ಅವನು ಅವಳ ಕೈಲಿದ್ದ ಕಾರ್ಡಿನ ಕಡೆ ಬೆರಳು ತೋರಿಸಿದ. ಅವಳ ಬಲಹುಬ್ಬು ಸ್ವಲ್ಪ ಮೇಲೇರಿತು. ಇವರಿಗೆ ಭಾಳ ಜಂಬ ಅಂತ ಅವಳು ಆ ಕ್ಷಣವೇ ತೀರ್ಮಾನ ಮಾಡಿದ್ದು ಅವನಿಗೆ ಗೊತ್ತಾಯಿತು. ಆ ಹುಬ್ಬು ಮಾತ್ರ ಎಷ್ಟು ಚೆಂದ ಏರಿತು ಎಂದೂ ಅನ್ನಿಸಿತು.

ಕೊಟ್ಟೂರೇಶನಿಗೆ ಮೂವತ್ತೊಂದು ವರ್ಷ. ಹರಿಹರದ ಸ್ಟೇಷನ್ ಹಿಂದೆ ಸಣ್ಣ ಅಂಗಡಿ. ವೈಫೈ, ಸಿಸಿ ಕ್ಯಾಮೆರಾ ಹಾಕಿಕೊಡುವ ಕೆಲಸ. ಚಿಕ್ಕಂದಿನಿಂದ ಅವನಿಗೆ ಮಾತು ತಡವರಿಸುತ್ತಿತ್ತು. 'ಕ' ಅಕ್ಷರ ಬಂದರಂತೂ ಗಂಟಲಿಗೆ ಬೀಗ. ವಿಪರ್ಯಾಸವೆಂದರೆ ಅವನ ಹೆಸರೇ ಆ ಅಕ್ಷರದಿಂದ ಶುರು. ಎರಡು ವರ್ಷದ ಹಿಂದೆ ರಾಣೆಬೆನ್ನೂರಿಗೆ ಹೆಣ್ಣು ನೋಡಲು ಹೋದಾಗ, ಅವನು “ಕ... ಕ...” ಎನ್ನುತ್ತಿರುವಾಗಲೇ ಹುಡುಗಿಯ ಸೋದರಮಾವ “ಕಲ್ಲಪ್ಪನೋ, ಕರಿಬಸಪ್ಪನೋ?” ಎಂದು ಕೇಳಿದ್ದ. ಕೂತವರೆಲ್ಲ ನಕ್ಕಿದ್ದರು. ಇನ್ನು ಯಾವ ಮನೆಗೂ ಹೋಗುವುದಿಲ್ಲ ಎಂದು ಅವತ್ತೇ ಅವನು ತಾಯಿಗೆ ಹೇಳಿಬಿಟ್ಟಿದ್ದ.

ಈಗ ಬಂದಿದ್ದ ಮನೆಯವಳ ಹೆಸರು ವಿನುತಾ. ಓದಿದ್ದು ಸ್ಪೀಚ್ ಥೆರಪಿ. ಮೈಸೂರಿನ ಆಸ್ಪತ್ರೆಯಲ್ಲಿ ಐದು ವರ್ಷ ಕೆಲಸ ಮಾಡಿ ಊರಿಗೆ ಮರಳಿದ್ದಳು. ಮಹಡಿಯ ಹಿಂದಿನ ಕೋಣೆಯಲ್ಲಿ ಕೂತು, ಮಾತು ಕಳಕೊಂಡವರಿಗೆ, ಮಾತು ಬಾರದ ಮಕ್ಕಳಿಗೆ ವಿಡಿಯೋ ಕಾಲ್‌ನಲ್ಲಿ ಕಲಿಸುತ್ತಿದ್ದಳು. ಆದರೆ ರೂಟರ್ ಇದ್ದದ್ದು ಕೆಳಗೆ, ಹಾಲ್‌ನ ಟಿವಿ ಪಕ್ಕ. ಎರಡು ದಪ್ಪ ಗೋಡೆ, ಒಂದು ಕಬ್ಬಿಣದ ಬೀರು ದಾಟಿ ಮೇಲಿನ ಕೋಣೆಗೆ ಹೋಗುವಷ್ಟರಲ್ಲಿ ವೈಫೈ ಸೋತುಹೋಗುತ್ತಿತ್ತು. ಯಾರೋ ಕಷ್ಟಪಟ್ಟು ಒಂದು ಶಬ್ದಕ್ಕೆ ಬಾಯಿ ತೆರೆಯುವಾಗಲೇ ಸ್ಕ್ರೀನ್ ನಿಂತುಬಿಡುತ್ತಿತ್ತು. ಹೀಗಾಗಿ ಐದು ಜನ ಬಿಟ್ಟುಹೋಗಿದ್ದರು. ಮೈಸೂರಿನವರು ಮತ್ತೆ ಕರೆದಿದ್ದಾರೆ, ಈ ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಹೋಗಿಬಿಡುತ್ತೇನೆ ಎಂದು ಅವಳು ಮೆಟ್ಟಿಲು ಹತ್ತುತ್ತಾ ಹೇಳಿದಳು. ಯಾಕೋ ಅವನಿಗೆ ಆ ಮಾತು ಹಿಡಿಸಲಿಲ್ಲ.

ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರನ್ನು ಅವಳೇ ತರಿಸಿ ತನ್ನ ಮೇಜಿನ ಪಕ್ಕವೇ ಚುಚ್ಚಿದ್ದಳು. ಅದರ ದೀಪ ಕೆಂಪಗೆ ಉರಿಯುತ್ತಿತ್ತು. ಅವನು ಅದನ್ನು ಕಿತ್ತುಕೊಂಡು, ಮೊಬೈಲಿನಲ್ಲಿ ಸಿಗ್ನಲ್ ನೋಡುತ್ತಾ ಒಂದೊಂದೇ ಮೆಟ್ಟಿಲು ಇಳಿದ. ಅವಳು ಹಿಂದೆಯೇ ಬಂದಳು.

“ನಂಗೆ ಬೇಕಾಗಿರೋದು ಮೇಲಿನ ಕೋಣೇಲಿ. ನೀವು ಕೆಳಗ ಹೊಂಟೀರಲ್ಲ?”

ಅವನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದ: 'ಸಿಗ್ನಲ್ ಇಲ್ಲದ ಕಡೆ ಇಟ್ಟರೆ ಅದಾದರೂ ಏನನ್ನು ದಾಟಿಸುತ್ತದೆ? ಸಿಗ್ನಲ್ ಚೆನ್ನಾಗಿರುವಾಗಲೇ ಹಿಡಿಯಬೇಕು. ನಡುದಾರಿಯಲ್ಲಿ.'

ಓದಲು ಅವಳು ಬಾಗಿದಾಗ ಅವಳ ಕೂದಲಿನ ಸೀಗೆಕಾಯಿ ವಾಸನೆ ಅವನಿಗೆ ತಾಗಿತು. ಅವನು ಒಂದು ಮೆಟ್ಟಿಲು ಹೆಚ್ಚೇ ಇಳಿದ.

ಮೆಟ್ಟಿಲ ತಿರುವಿನಲ್ಲಿ ಒಂದು ಪ್ಲಗ್ ಪಾಯಿಂಟ್ ಇತ್ತು. ಅಲ್ಲಿ ಚುಚ್ಚಿ, ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಅದಕ್ಕೂ ಕೊಟ್ಟ. ಒಂದೆರಡು ನಿಮಿಷ ಕಣ್ಣು ಮಿಟುಕಿಸಿ ದೀಪ ಹಸಿರಾಯಿತು. ಅವಳು ಕೋಣೆಗೆ ಓಡಿಹೋಗಿ ಅವನ ನಂಬರಿಗೆ ವಿಡಿಯೋ ಕಾಲ್ ಮಾಡಿದಳು. ಅವನ ಅಂಗೈಯಲ್ಲಿ ಅವಳ ಮುಖ ತಿಳಿನೀರಿನಲ್ಲಿ ಕಂಡಂತೆ ಕಂಡಿತು. ಕೇಳಿಸುತ್ತದಾ, ಏನಾದರೂ ಮಾತಾಡಿ ಎಂದಳು. ಅವನು ಕೈ ಎತ್ತಿ ತೋರಿಸಿದ, ಅಷ್ಟೇ. ಸ್ಕ್ರೀನಿನಲ್ಲೂ ಆ ಹುಬ್ಬು ಮೇಲೇರಿತು.

ಎರಡು ದಿನ ಬಿಟ್ಟು ಅವಳ ಮೆಸೇಜ್ ಬಂತು: ಸಂಜೆ ಐದರ ಮೇಲೆ ಮತ್ತೆ ಕಟ್ ಆಗುತ್ತಿದೆ. ಮರುದಿನವೇ ಅವನು ಬೈಕ್ ಹತ್ತಿದ. ಅವನು ಹೋದಾಗ ಅವಳು ಕಾಲ್‌ನಲ್ಲಿದ್ದಳು, ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆ ಕಡೆ ಇದ್ದವರು, ಅವನನ್ನು ಈ ಮನೆಗೆ ಕಳಿಸಿದ್ದ ನಿಖತ್‌ಳ ಅತ್ತೆ ರಹೀಮುನ್ನೀಸಾ. ಹರಿಹರದಲ್ಲಿ ಅವನ ಸ್ಕೂಲ್ ಅಂಗಿಗಳನ್ನೆಲ್ಲ ಹೊಲಿದುಕೊಟ್ಟವರು. ಹೋದ ವರ್ಷ ಸ್ಟ್ರೋಕ್ ಆಗಿ ಮಾತು ನಿಂತುಹೋಗಿತ್ತು.

ಇದೇನು ಅಮ್ಮಾ ಎಂದು ವಿನುತಾ ಒಂದು ಚಿತ್ರ ತೋರಿಸಿದಳು.

“ಕ...” ಎಂದರು ರಹೀಮುನ್ನೀಸಾ. “ಕ... ಕ...”

ಮೆಟ್ಟಿಲಲ್ಲಿದ್ದ ಕೊಟ್ಟೂರೇಶ್ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಈಗ ಹೇಳಿಬಿಡುತ್ತಾಳೆ ಅಂದುಕೊಂಡ. ಎಲ್ಲರೂ ಹೇಳಿಬಿಡುತ್ತಾರೆ. ಮೇಷ್ಟ್ರು, ಕಂಡಕ್ಟರ್, ಸ್ವಂತ ಅವ್ವ ಕೂಡ, ಅವನ ಬಾಯಲ್ಲಿದ್ದ ಮಾತನ್ನು ಕಿತ್ತುಕೊಂಡು ತಾವೇ ಮುಗಿಸುತ್ತಿದ್ದರು.

ಅವಳು ಹೇಳಲಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಬೀದಿಯಲ್ಲಿ ತರಕಾರಿ ಗಾಡಿ ಬಂದು ಹೋಯಿತು. ವಿನುತಾ ಮುಂದಕ್ಕೆ ಬಾಗಿ, ಕಣ್ಣು ಕದಲಿಸದೆ, ಬೇರೆ ಯಾವ ಕೆಲಸವೂ ಇಲ್ಲದವಳ ಹಾಗೆ ಕಾಯುತ್ತಲೇ ಇದ್ದಳು.

“ಕತ್ತರಿ.”

“ಹೌದು,” ಎಂದಳು ವಿನುತಾ ಮೆಲ್ಲಗೆ. “ಕತ್ತರಿ.”

ಕೊಟ್ಟೂರೇಶ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಗೋಡೆಯ ಜಾಲರಿಯಿಂದ ಬಿದ್ದ ಬಿಸಿಲು ಅವನ ಕಾಲಬಳಿ ಚುಕ್ಕಿ ಚುಕ್ಕಿಯಾಗಿ ಹರಡಿತ್ತು. ಅವನಿಗೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಇವಳ ಮುಂದೆ ಮಾತಾಡಬಹುದು ಅನ್ನಿಸಿತು. ಅನ್ನಿಸಿದ ಕೂಡಲೇ ಭಯವೂ ಆಯಿತು. ಮಾತಾಡಿದರೆ ಅವಳ ಪೇಷಂಟ್‌ಗಳಲ್ಲಿ ತಾನೂ ಒಬ್ಬನಾಗುತ್ತೇನೆ. ಅದಕ್ಕಿಂತ ಜಂಬದವನಾಗಿರುವುದೇ ವಾಸಿ.

ಅವತ್ತು ಎಲ್ಲ ಸರಿ ಇತ್ತು. ಅವನು ಹೊರಟ ಮೇಲೆ ಐದಕ್ಕೆ ಮತ್ತೆ ಕಟ್ಟಾಯಿತು. ಹಾಗಾಗಿ ಮೂರನೇ ಸಲ ಬಂದವನು ಐದರವರೆಗೂ ಕಾದು ನೋಡುವುದೆಂದಾಯಿತು. ಮೇಲಿನ ಮೆಟ್ಟಿಲ ಮೇಲೆ ಅವಳು, ಎರಡು ಮೆಟ್ಟಿಲು ಕೆಳಗೆ ಅವನು. ಅವಳ ತಾಯಿ ಅನ್ನಪೂರ್ಣಮ್ಮ ಒಗ್ಗರಣೆ ಹಾಕಿದ ಮಂಡಕ್ಕಿ, ಚಹಾ ಕೊಟ್ಟುಹೋದರು. ವಿನುತಾ ಒಬ್ಬಳೇ ಮಾತಾಡುತ್ತಿದ್ದಳು. ತಟ್ಟೆಯಲ್ಲಿದ್ದ ಮೆಣಸಿನಕಾಯಿಗಳನ್ನೆಲ್ಲ ಒಂದೊಂದಾಗಿ ಅವನ ಕಡೆ ಸರಿಸುತ್ತಿದ್ದಳು. ಅವನು ಮಾತಿಲ್ಲದೆ ಎಲ್ಲವನ್ನೂ ತಿಂದ. ಕಣ್ಣಲ್ಲಿ ನೀರು ಬಂದಾಗ ಅವಳು ತುಟಿ ಕಚ್ಚಿ ನಗು ತಡೆದಳು.

ಐದು ಗಂಟೆಗೆ ಅವಳ ತಂದೆ ಪರಮೇಶ್ವರಪ್ಪ ಬಟ್ಟೆ ಅಂಗಡಿಯಿಂದ ಬಂದರು. ಚಪ್ಪಲಿ ಬಿಟ್ಟು, ಟೆರೇಸಿನ ಗಿಡಗಳಿಗೆ ನೀರು ಹಾಕಲು ಮೆಟ್ಟಿಲು ಹತ್ತಿದರು. ತಿರುವಿನಲ್ಲಿ, ದಿನಾ ಬೆಳಿಗ್ಗೆ ಹೆಂಡತಿ ಹಾಕಿಡುವ ಪ್ಲಗ್ಗಿನ ಸ್ವಿಚ್ ಆನ್ ಇರುವುದು ಕಂಡಿತು. ಯೋಚನೆಯೇ ಇಲ್ಲದೆ ಟಕ್ ಎಂದು ಆರಿಸಿ, ಇಬ್ಬರನ್ನೂ ದಾಟಿಕೊಂಡು ಮೇಲೆ ಹೋದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕಿದ್ದು ಅವನು. ಹೊಟ್ಟೆ ಹಿಡಿದುಕೊಂಡು, ದನಿ ಬಿಟ್ಟು ನಕ್ಕ. ಅವಳು ನಗುತ್ತಾ ನಗುತ್ತಾ ಸುಮ್ಮನಾಗಿ ಅವನನ್ನೇ ನೋಡಿದಳು.

“ದನಿ ಐತೆ ನಿಮಗೆ,” ಎಂದಳು. “ಮತ್ಯಾಕ ನನ್ನ ಜೊತೆ ಮಾತಾಡಲ್ಲ? ನಾನೇನ್ ತಪ್ಪು ಮಾಡೀನಿ?”

ತಪ್ಪು ತನ್ನದು ಎಂದು ಅವಳು ತಿಳಿದುಕೊಂಡಿದ್ದು ಅವನಿಗೆ ತಡೆಯಲಾಗಲಿಲ್ಲ. ಬಾಯಿ ತೆರೆದ.

“ನ... ನನ್ನ ಹೆಸರು ಕ... ಕ...” ಕುತ್ತಿಗೆಯ ನರ ಬಿಗಿಯಿತು, ಕಣ್ಣು ತಾನಾಗಿ ಮುಚ್ಚಿತು. ತೆರೆದಾಗ ಅವಳು ಅಲ್ಲೇ ಇದ್ದಳು, ಅದೇ ದೂರದಲ್ಲಿ. “ಕೊಟ್ಟೂರೇಶ್.”

ಅವಳ ಮುಖ ಇಳಿಯಿತು. ಮೊದಲ ದಿನವೇ ನನಗೆ ಗೊತ್ತಾಗಬೇಕಿತ್ತು, ಇದೇ ನನ್ನ ಕೆಲಸ ಅಲ್ಲವಾ ಎಂದಳು. ಆಮೇಲೆ ದನಿ ಮೃದುವಾಯಿತು. ಇದಕ್ಕೆ ಅಭ್ಯಾಸಗಳಿವೆ, ವಾರಕ್ಕೆರಡು ದಿನ ಕೂತರೆ ಅನುಕೂಲವಾಗುತ್ತದೆ, ಸಂಕೋಚ ಬೇಡ ಎಂದು ಹೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅದು ರಹೀಮುನ್ನೀಸಾ ಜೊತೆ ಮಾತಾಡುವ ದನಿಯಾಗಿತ್ತು.

ಅವನು ಸ್ವಿಚ್ಚಿನ ಮೇಲೆ 'ಆರಿಸಬ್ಯಾಡ್ರಿ' ಎಂದು ಬರೆದ ಚೀಟಿ ಅಂಟಿಸಿ, ಬ್ಯಾಗ್ ತಗೊಂಡು ಹೊರಟುಬಿಟ್ಟ. ಅವನ ಚಹಾ ಹಾಗೇ ಉಳಿಯಿತು.

ಮೂರು ವಾರ ಅವನು ದಾವಣಗೆರೆ ಕಡೆ ತಲೆ ಹಾಕಲಿಲ್ಲ. ಅವಳಿಂದ ಎರಡು ಮೆಸೇಜ್ ಬಂದವು. ಎರಡಕ್ಕೂ 'ನೆಟ್ ಸರಿ ಐತಾ?' ಎಂದು ಕೇಳಿದ. 'ಐತೆ' ಎಂದಳು. ಅಲ್ಲಿಗೆ ಮಾತು ನಿಂತಿತು. ಯಾರದೋ ಮನೆಯಲ್ಲಿ ವೈರು ಎಳೆಯುವಾಗ, ಯಾರದೋ ಗೋಡೆಗೆ ಮೊಳೆ ಹೊಡೆಯುವಾಗ, ಜಾಲರಿಯ ಬಿಸಿಲು ಬಿದ್ದ ಆ ಮೆಟ್ಟಿಲು ಅವನ ಕಣ್ಣಿಗೆ ಕಟ್ಟುತ್ತಿತ್ತು. ಅವಳು ಮೈಸೂರಿಗೆ ಹೋದಳೋ ಇದ್ದಾಳೋ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಒಂದು ಭಾನುವಾರ ಸಂಜೆ ನಿಖತ್ ಫೋನ್ ಮಾಡಿ, ರೂಟರಿನ ದೀಪವೇ ಇಲ್ಲ, ಬಂದು ನೋಡಿ ಅಂದಳು. ಹೋದರೆ ರಹೀಮುನ್ನೀಸಾ ಪಕ್ಕ ಚಾಪೆಯ ಮೇಲೆ ವಿನುತಾ ಕೂತಿದ್ದಳು. ತಿಂಗಳಿಗೊಮ್ಮೆ ನೇರವಾಗಿ ನೋಡಲು ಬರುತ್ತಾಳಂತೆ. ಅವನು ತಲೆ ಎತ್ತದೆ ರೂಟರಿನ ಹತ್ತಿರ ಹೋದ. ಸ್ವಿಚ್ ಆಫ್ ಆಗಿತ್ತು, ಬೇರೇನೂ ಇಲ್ಲ.

“ನಾ... ನಾನೇ,” ಎಂದರು ರಹೀಮುನ್ನೀಸಾ ಹಿಂದಿನಿಂದ. ಸೊಟ್ಟ ತುಟಿಯಲ್ಲೇ ನಗುತ್ತಿದ್ದರು. “ನಾನೇ... ಆರಿಸಿದೆ.” ಕಾಲ್‌ನಲ್ಲಿ ವಿನುತಾ ಎರಡು ಸಲ ಅವನ ಸುದ್ದಿ ಕೇಳಿದ್ದು ಅವರಿಗೆ ಸಾಕಾಗಿತ್ತು. ಆಮೇಲೆ ಕೈಬೀಸಿ ಇಬ್ಬರನ್ನೂ ಹೊರಗೆ ಅಟ್ಟಿದರು.

ಹರಿಹರೇಶ್ವರ ಗುಡಿಯ ಹಿಂದಿನಿಂದ ಇಬ್ಬರೂ ಹೊಳೆಯ ಕಡೆ ನಡೆದರು. ತುಂಗಭದ್ರೆ ಸಣ್ಣಗೆ ಹರಿಯುತ್ತಿದ್ದಳು. ನೀರಿನ ಮೇಲೆ ಸಂಜೆಯ ಕುಂಕುಮ ಬಣ್ಣ. ದೂರದ ಸೇತುವೆಯ ಮೇಲೆ ಒಂದು ರೈಲು ನಿಧಾನವಾಗಿ ದಾಟಿತು. 

ಮೈಸೂರಿನವರಿಗೆ ಬರುವುದಿಲ್ಲ ಎಂದು ಬರೆದುಹಾಕಿದೆ, ಬಿಟ್ಟುಹೋದವರಲ್ಲಿ ಮೂವರು ತಿರುಗಿ ಬಂದಿದ್ದಾರೆ ಎಂದು ಅವಳು ಹೇಳಿದಳು. ಕಲ್ಲಿನ ಮೆಟ್ಟಿಲ ಮೇಲೆ ಕೂತು ಕಾಲ್ಬೆರಳನ್ನು ನೀರಿಗೆ ತಾಗಿಸಿದಳು.

“ಇನ್ನೊಂದು ಹೇಳೋದಿತ್ತು. ಅವತ್ತು ವಾರಕ್ಕೆರಡು ದಿನ ಬರ್ರಿ ಅಂದೆನಲ್ಲ, ಅದು ಬ್ಯಾಡ. ನಾನು ನಿಮಗೆ ಥೆರಪಿ ಮಾಡಲ್ಲ. ನಿಮಗೆ ಬೇಕು ಅನ್ನಿಸಿದ್ರೆ ಬೇರೆಯವರ ನಂಬರ್ ಕೊಡ್ತೀನಿ.”

“ಯಾ... ಯಾಕ?”

ಅವಳು ನೀರನ್ನೇ ನೋಡುತ್ತಿದ್ದಳು. ಕಿವಿಯ ತುದಿ ಕೆಂಪಾಗಿತ್ತು.

“ಥೆರಪಿಸ್ಟ್ ಆದೋರು ಪೇಷಂಟ್ ಯಾವಾಗ ಬರ್ತಾರೆ ಅಂತ ಗೇಟ್ ಕಡೆ ನೋಡ್ತಾ ಕೂಡ್ರಬಾರ್ದು. ನಾನು ಮೂರು ವಾರದಿಂದ ಅದನ್ನೇ ಮಾಡಾಕತ್ತೀನಿ.”

ಅವನಿಗೆ ಹೇಳಬೇಕಾದದ್ದು ಬಹಳ ಇತ್ತು. ಕತ್ತರಿಯ ದಿನದಿಂದ ಶುರು ಮಾಡಿದ. ರಾಣೆಬೆನ್ನೂರಿನ ಮನೆ, ಅಲ್ಲಿ ನಕ್ಕವರು, ಆಮೇಲಿನ ಎರಡು ವರ್ಷ, ಎಲ್ಲ ಹೇಳಿದ. ಎಷ್ಟೋ ಕಡೆ ಮಾತು ಸಿಕ್ಕಿಕೊಂಡಿತು. ಒಂದು ಕಡೆಯಂತೂ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳು ಕೈ ನಿಲ್ಲಿಸಿ ತಿರುಗಿ ನೋಡಿದಳು. ಅವನು ನಿಲ್ಲಿಸಲಿಲ್ಲ.

“ನೀವು... ಊರು ಬ... ಬಿಟ್ಟು ಹೋಗ್ತೀರಿ ಅಂದಾಗ, ನಂಗೆ ಆ ನೆಟ್ ಸರಿ ಮಾಡೋದೇ ಬದುಕು ಅನ್ನಿಸ್ತು. ನೀವು ಅಂದ್ರೆ ನಂಗೆ ಅಷ್ಟು ಇಷ್ಟ.”

ಅವಳು ಹತ್ತಿರ ಸರಿದಳು. ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಸ್ಕ್ರೂಡ್ರೈವರ್ ಉಜ್ಜಿ ಗಟ್ಟಿಯಾಗಿದ್ದ ಆ ಅಂಗೈಯ ಮೇಲೆ ಬೆರಳಾಡಿಸಿದಳು. ಹೊಳೆಯ ಮೇಲಿನ ಬಣ್ಣ ಮಾಸುವವರೆಗೂ ಅವರು ಹಾಗೇ ಕೂತಿದ್ದರು.

ಮುಂದಿನ ಸೋಮವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೂಲ್ ಬ್ಯಾಗ್ ಇಲ್ಲದೆ ಆ ಮನೆಗೆ ಹೋದ. ನಾನೂ ಬರುತ್ತೇನೆ, ನಾನೇ ಕೇಳುತ್ತೇನೆ ಎಂದ ಅವ್ವನಿಗೆ, ಇದೊಂದು ಸಲ ನಾನೇ ಮಾತಾಡಬೇಕು ಎಂದು ಹೇಳಿ ಬಂದಿದ್ದ. ಹಾಲ್‌ನಲ್ಲಿ ಪರಮೇಶ್ವರಪ್ಪ ಪೇಪರ್ ಮಡಚಿಟ್ಟು ಕೂಡ್ರಿ ಅಂದರು.

“ನಿ... ನಿಮ್ಮ ಮಗಳನ್ನ ನಂಗೆ ಕ... ಕ...”

ಅನ್ನಪೂರ್ಣಮ್ಮನ ತುಟಿ ಸಹಾಯಕ್ಕೆ ಅಲ್ಲಾಡಿತು. ವಿನುತಾ ತಾಯಿಯ ಮೊಣಕೈ ಮುಟ್ಟಿದಳು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

“ಕೊಡ್ರಿ ಅಂತ ಕೇಳಾಕೆ ಬಂದೀನಿ.”

ಪರಮೇಶ್ವರಪ್ಪ ಬಹಳ ಹೊತ್ತು ಅವನನ್ನೇ ನೋಡಿದರು. ಆಮೇಲೆ ಮಗಳನ್ನು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

“ನಮ್ಮನೇಲಿ ಎಲ್ಲರಿಗೂ ಬಾಯಿ ಜಾಸ್ತಿ,” ಎಂದರು ಕೊನೆಗೆ. “ಕೇಳಿಸಿಕೊಳ್ಳೋರೊಬ್ಬರು ಬೇಕಿತ್ತು. ಗುರುವಾರ ಹರಿಹರಕ್ಕೆ ಬರ್ತೀವಿ, ನಿಮ್ಮ ತಾಯಿಗೆ ಹೇಳ್ರಿ.” ಹೆಂಡತಿಯ ಕಡೆ ತಿರುಗಿ, ಊಟಕ್ಕೆ ರೊಟ್ಟಿ ಬಡಿ ಎಂದರು.

ಊಟ ಮುಗಿಸಿ ಅವನು ಹೊರಟಾಗ ವಿನುತಾ ಗೇಟಿನವರೆಗೆ ಬಂದಳು. ಅವನು ಬೈಕಿಗೆ ಕೀಲಿ ಹಾಕಿದ, ತಿರುಗಿಸಲಿಲ್ಲ. ಹೇಳುವುದು ಏನೂ ಉಳಿದಿರಲಿಲ್ಲ. ಸುಮ್ಮನೆ ಅವಳ ಹೆಸರು ಹಿಡಿದು ಕರೆದ. ಅವನು ಹಾಗೆ ಕರೆದದ್ದು ಅದೇ ಮೊದಲು.

“ವಿನುತಾ.”

“ಹೂಂ?”

“ವಿ... ವಿನುತಾ.”

ಮೊದಲನೆಯದು ಸಲೀಸಾಗಿ ಬಂತು, ಎರಡನೆಯದು ತಡವರಿಸಿತು. ಎರಡಕ್ಕೂ ಅವಳು ಅದೇ ದನಿಯಲ್ಲಿ ಓಗೊಟ್ಟಳು.