ಜೋಳದಜ್ಜಿಯ ಖಾಕಿ ಚೀಲ

"ಪ್ರಭುಕುಮಾರ ಮತ್ತು ರೂಪಾ ಇವರ ವಿವಾಹದ ಪ್ರಕಟಣೆಯನ್ನು ಎರಡನೆಯ ಸಾರಿ ಓದುತ್ತಿದ್ದೇನೆ. ಯಾರಿಗಾದರೂ ಅಡ್ಡಿ ಇದ್ದರೆ ಈಗಲೇ ತಿಳಿಸಬೇಕು."

ಮದುವೆಗೆ ಮುಂಚೆ ಮೂರು ಭಾನುವಾರ ಹೀಗೆ ಓದುವುದು ಚರ್ಚಿನ ಪದ್ಧತಿ. ಪಾಸ್ಟರ್ ಕಾಶಿನಾಥ ಓದಿ ಮುಗಿಸಿ, ರೂಢಿಯಂತೆ ಒಂದು ಗಳಿಗೆ ಸುಮ್ಮನೆ ನಿಂತರು. ಆ ಗಳಿಗೆಯಲ್ಲಿ ಯಾರೂ ಏನೂ ಹೇಳುವುದಿಲ್ಲ. ಮಕ್ಕಳು ಆಕಳಿಸುತ್ತವೆ, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಅಷ್ಟೇ.

"ನನಗ ಐತ್ರಿ!"

ಗಂಗಾವತಿಯ ಆ ಪುಟ್ಟ ಚರ್ಚಿನಲ್ಲಿದ್ದವರೆಲ್ಲ ಒಮ್ಮೆಲೇ ತಿರುಗಿದರು. ಎದ್ದು ನಿಂತವಳು ಬೇರೆ ಯಾರೂ ಅಲ್ಲ... ಮದುಮಗಳು ರೂಪಾಳೇ!

ಗಂಡಸರ ಸಾಲಿನಲ್ಲಿದ್ದ ಪ್ರಭುಕುಮಾರ ತಲೆ ಎತ್ತಿ ಅವಳನ್ನು ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಆರಾಧನೆ ಮುಗಿದ ಮೇಲೆ ಪಾಸ್ಟರು ಇಬ್ಬರನ್ನೂ ಒಳಗಿನ ಕೋಣೆಗೆ ಕರೆದರು. ಹಿಂದೆಯೇ ರೂಪಾಳ ಅಜ್ಜಿ ಸುವಾರ್ತಮ್ಮ ಮೊಣಕಾಲು ಹಿಡಿದುಕೊಂಡು ಬಂದಳು.

"ಏನವ್ವಾ ರೂಪಾ, ಏನ್ ಅಡ್ಡಿ ನಿಂದು?" ಎಂದು ಕೇಳಿದರು ಪಾಸ್ಟರು.

"ಗುರುವಾರ ನಮ್ಮ ಮನ್ಯಾಗ ಪ್ರಾರ್ಥನಾ ಕೂಟ ಇತ್ತಲ್ರಿ... ಒಬ್ಬರಾದ ಮ್ಯಾಲ ಒಬ್ಬರು ಪ್ರಾರ್ಥನಾ ಮಾಡಿದ್ರು. ಇವರ ಪಾಳಿ ಬಂತು. ಬಾಯೇ ಬಿಡಲಿಲ್ರಿ! ಎಲ್ಲಾರೂ ಕಣ್ಣು ಮುಚ್ಚಿ ಕಾದ್ರು, ಕಾದ್ರು... ಕಡೀಕ 'ಆಮೆನ್' ಅಂದು ಕುಂತ್ರು. ದೇವರ ಜೋಡಿ ಎರಡು ಮಾತು ಆಡಲಾರದವರ ಜೋಡಿ ನಾನು ಹ್ಯಾಂಗ ಬಾಳೇವು ಮಾಡ್ಲಿ?"

"ಪ್ರಭು, ನೀ ಏನಂತಿ?"

"ಆಕಿ ಹೇಳೂದು ಖರೇ ಐತ್ರಿ. ನಾಕ ಮಂದಿ ಮುಂದ ನನಗ ಪ್ರಾರ್ಥನಾ ಬರಂಗಿಲ್ಲ." ಅವನು ರೂಪಾಳ ಕಡೆ ತಿರುಗಿದ. "ನಿಮಗ ಒತ್ತಾಯ ಇಲ್ರಿ. ನೀವು ಹ್ಯಾಂಗಂತೀರಿ ಹಂಗ."

ಅಷ್ಟು ಹೇಳಿ ಹೊರಟೇಹೋದ.

"ಮೂರನೇ ಪ್ರಕಟಣಿ ಬರೂ ಆಯ್ತವಾರ ಐತಿ," ಎಂದರು ಪಾಸ್ಟರು. "ಅಷ್ಟರೊಳಗ ಪ್ರಾರ್ಥನಾ ಮಾಡಿ ನಿರ್ಧಾರ ಮಾಡವ್ವಾ."

ಪ್ರಾರ್ಥನೆ ಮಾಡಿ!

ಅಯ್ಯೋ, ಅಲ್ಲೇ ಇತ್ತಲ್ಲ ಅವಳ ಗುಟ್ಟು! ಕೂಟದಲ್ಲಿ ರೂಪಾ ಬಾಯಿ ತೆರೆದರೆ ಎಲ್ಲರ ಕಣ್ಣಲ್ಲೂ ನೀರು. ಆದರೆ ವರ್ಷದ ಹಿಂದೆ ಅವ್ವ ತೀರಿಕೊಂಡಾಗಿನಿಂದ, ಒಬ್ಬಳೇ ಮೊಣಕಾಲೂರಿದರೆ ಒಂದು ಮಾತೂ ಹುಟ್ಟುತ್ತಿರಲಿಲ್ಲ. ದೇವರು ಎದ್ದು ದೂರ ಹೋಗಿಬಿಟ್ಟನೇನೋ ಅನ್ನಿಸುತ್ತಿತ್ತು. ಕಟ್ಟಿಕೊಳ್ಳುವವನಾದರೂ ಕೈಹಿಡಿದು ಆತನ ಹತ್ತಿರ ಕರೆದೊಯ್ಯಲಿ ಎಂದು ಅವಳು ಆಸೆಪಟ್ಟಿದ್ದಳು. ಸಿಕ್ಕವನು ಮೂಕಬಸವ!

ಕಣ್ಣೊರೆಸಿಕೊಂಡು ಅವಳು ತನ್ನ ಭಾನುವಾರದ ಕೆಲಸಕ್ಕೆ ಕುಳಿತಳು. ಆ ಚರ್ಚಿನ ಹೆಂಗಸರು ದಿನಾ ಅಡುಗೆಗೆ ಮುಂಚೆ ಒಬ್ಬರ ಹೆಸರು ಹೇಳಿ ಪ್ರಾರ್ಥಿಸಿ, ದೇವರಿಗೆಂದು ಒಂದು ಹಿಡಿ ಅಕ್ಕಿ ಎತ್ತಿಡುತ್ತಾರೆ. ವಾರದ ಅಕ್ಕಿ ಚೀಲಗಳಲ್ಲಿ ಚರ್ಚಿಗೆ ಬರುತ್ತದೆ, ಅಲ್ಲಿಂದ ಬಡವರ ಮನೆಗೆ ಹೋಗುತ್ತದೆ. ಚೀಲಗಳನ್ನು ಡ್ರಮ್ಮಿಗೆ ಸುರಿಯುವವಳು ರೂಪಾ. ಅವ್ವ ಹೋದ ಮೇಲೆ ತಾನು ಮಾತ್ರ ಹಿಡಿ ಎತ್ತುವುದನ್ನು ಬಿಟ್ಟಿದ್ದಳು.

ಎಲ್ಲ ಚೀಲದಲ್ಲೂ ಸೋನಾ ಮಸೂರಿ. ಒಂದರಲ್ಲಿ ಮಾತ್ರ ಜೋಳ! ಹೆಸರಿಲ್ಲದ ಒಂದು ಖಾಕಿ ಚೀಲ ಎರಡು ವರ್ಷದಿಂದ ತಪ್ಪದೆ ಬರುತ್ತಿತ್ತು; ಇಟ್ಟು ಹೋಗುವವರನ್ನು ಯಾರೂ ಕಂಡಿರಲಿಲ್ಲ. ಜೋಳ ಎಂಥ ಹಸನು, ಒಂದು ಹರಳಿಲ್ಲ. ಜೋಳ ಬೆಳೆಯುವ ಕುಷ್ಟಗಿ ಕಡೆಯಿಂದ ಬಂದ ಯಾವುದೋ ಭಕ್ತಿವಂತ ಮುದುಕಿಯದೇ ಇರಬೇಕೆಂದು ರೂಪಾ ಆಕೆಗೆ 'ಜೋಳದಜ್ಜಿ' ಎಂದು ಹೆಸರಿಟ್ಟಿದ್ದಳು. ಮನಸ್ಸು ಬರಡಾದ ದಿನಗಳಲ್ಲಿ ಆ ಚೀಲ ಕಂಡರೆ ಸಾಕು, ಅವಳಿಗೆ ಏನೋ ಧೈರ್ಯ.

ಇವತ್ತು ಅದನ್ನೇ ಎದೆಗೊತ್ತಿಕೊಂಡಳು.

"ಜೋಳದಜ್ಜಿ, ನನಗಂತೂ ಮಾತ ಬರವಲ್ದು. ನೀವಾದ್ರೂ ನನ್ನ ಸಲುವಾಗಿ ಒಂದು ಮಾತು ಹೇಳ್ರಿ..."

ಬುಧವಾರ ಅವಳು ನಿಶ್ಚಿತಾರ್ಥದಲ್ಲಿ ಅವನು ಕೊಟ್ಟಿದ್ದ ಬೈಬಲನ್ನು ಹಿಂತಿರುಗಿಸಲು ಹೊರಟಳು. ಆಟೋದಲ್ಲಿ ದಾರಿಯುದ್ದಕ್ಕೂ ಅಜ್ಜಿ ಸುವಾರ್ತಮ್ಮನ ಗೊಣಗಾಟ.

"ತುಂಬಿದ ಕೊಡ ತುಳುಕಂಗಿಲ್ಲವ್ವಾ. ಬಾಯಿಬಡಕ ಗಂಡ ಬೇಕಾಗಿದ್ನೇನ ನಿನಗ?"

"ಸುಮ್ಮನಿರು ಅಜ್ಜಿ!"

ಪ್ರಭುಕುಮಾರ ಭತ್ತ ಕೊಯ್ಯುವ ಮಷೀನುಗಳ ಮೆಕ್ಯಾನಿಕ್. ಕುಷ್ಟಗಿಯವನು. ತಾಯಿ ತೀರಿಕೊಂಡ ಮೇಲೆ ಗಂಗಾವತಿಗೆ ಬಂದು, ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಅಜ್ಜಿ ಆಟೋದಲ್ಲೇ ಉಳಿದಳು. ಮಧ್ಯಾಹ್ನದ ಹೊತ್ತು. ಬಾಗಿಲು ತೆರೆದಿತ್ತು.

ಅವನು ಬೆನ್ನು ತಿರುಗಿಸಿ ನಿಂತಿದ್ದ. ಒಲೆಯ ಮೇಲೆ ಹಂಚು, ಪರಾತದಲ್ಲಿ ರೊಟ್ಟಿಯ ಹಿಟ್ಟು. ಹಿಟ್ಟಿಗೆ ಕೈ ಹಾಕುವ ಮುಂಚೆ ಪಕ್ಕದ ಡಬ್ಬಿಯಿಂದ ಒಂದು ಹಿಡಿ ಜೋಳ ತೆಗೆದ. ಮುಷ್ಟಿ ಬಿಗಿ ಹಿಡಿದು ತಲೆ ತಗ್ಗಿಸಿದ.

"ತಂದೀ... ಈ ಹಿಡಿ ರೂಪಾನ ಹೆಸರಲೆ. ಅವ್ವ ಹೋದಾಗಿಂದ ಆಕಿ ಮನಸ್ಸು ಒಣಗೇತಿ. ಎಲ್ಲಾರ ಮುಂದ ನಗತಾಳ, ಒಳಗ ನೊಂದಾಳ. ಆಕಿ ನನ್ನ ಬಿಟ್ರೂ ಬಿಡ್ಲಿ... ನೀ ಆಕೀನ ಬಿಡಬ್ಯಾಡ."

ಮುಷ್ಟಿ ಸಡಿಲಿತು. ಜೋಳ ಬಿದ್ದದ್ದು ಅದೇ ಖಾಕಿ ಚೀಲದಲ್ಲಿ!

ರೂಪಾ ಹೊಸ್ತಿಲು ದಾಟಿ ಒಳಗೆ ಬಂದಳು. ಇಷ್ಟು ದಿನ ಯಾರಿಗೂ ಹೇಳದ ನೋವು... ಇವನಿಗೆ ಹೇಗೆ ಗೊತ್ತಾಯಿತು?

"ಜೋಳದಜ್ಜಿ... ನೀವಾ?"

ಅವನು ಬೆಚ್ಚಿ ತಿರುಗಿದ. "ಯಾವ ಅಜ್ಜಿರಿ?"

ಅವಳಿಗೆ ಅಳುವೂ ಬಂತು, ನಗುವೂ ಬಂತು. "ಚೀಲದ ಮ್ಯಾಲ ಹೆಸರು ಯಾಕ ಬರೀಲಿಲ್ರಿ?"

"ಹೆಣ್ಮಕ್ಕಳ ಕೆಲಸ ಅಂತಾರಲ್ರಿ... ಮಂದಿ ನಗತಾರಂತ. ನಮ್ಮವ್ವ ಹಿಡಿ ಎತ್ತತಿದ್ಲು. ಆಕಿ ಹೋದ ಮ್ಯಾಲ ಬಿಡಾಕ ಮನಸ್ಸು ಬರಲಿಲ್ಲ. ಮುಷ್ಟಿಯೊಳಗ ಕಾಳು ಇದ್ರ ದೇವರು ಬಾಜೂಕ ನಿಂತಂಗ ಆಗತೈತಿ. ಮಾತು ಬರತಾವ."

"ನನ್ನ ಹೆಸರು... ಯಾವಾಗಿಂದ ಹೇಳತೀರಿ?"

ಅವನು ನೆಲ ನೋಡಿದ. "ನಿಮ್ಮ ಅವ್ವನ ಮಣ್ಣಿನ ದಿನದಿಂದ. ಅವತ್ತ ನೀವು ಎಲ್ಲಾರಿಗೂ ಸಮಾಧಾನ ಹೇಳಿದ್ರಿ. ನಿಮಗ ಯಾರೂ ಹೇಳಲಿಲ್ಲ."

ಅವ್ವನ ಮಣ್ಣಾದ ದಿನ ಬಾರದ ಅಳು ಅವಳಿಗೆ ಈಗ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ದೇವರು ಎಲ್ಲೂ ಹೋಗಿರಲಿಲ್ಲ. ವಾರವಾರವೂ ಅವಳ ಕೈಯಲ್ಲೇ ಆ ಪ್ರಾರ್ಥನೆಗಳನ್ನು ಇಡುತ್ತಿದ್ದ!

ಬೈಬಲು ಅವಳ ಜೊತೆಗೇ ಮನೆಗೆ ವಾಪಸು ಬಂತು. ಅಜ್ಜಿ ನೋಡಿಯೂ ನೋಡದವಳಂತೆ ಆಟೋದಲ್ಲಿ ಹಾಡು ಗುನುಗಿದಳು.

ಭಾನುವಾರ ಮೂರನೆಯ ಪ್ರಕಟಣೆ ಓದಿ ಪಾಸ್ಟರು ನೇರ ರೂಪಾಳನ್ನೇ ನೋಡಿದರು. ಅವಳು ಮತ್ತೆ ಎದ್ದು ನಿಂತಳು. ಎಲ್ಲರೂ ಉಸಿರು ಬಿಗಿಹಿಡಿದರು.

"ಹ್ವಾದ ವಾರ ಹೇಳಿದ ಅಡ್ಡಿ ಇವರೊಳಗ ಇರಲಿಲ್ರಿ. ನನ್ನೊಳಗ ಇತ್ತು. ಈಗ ಇಲ್ಲ."

ಆರಾಧನೆ ಮುಗಿಯಿತು. ಹೆಂಗಸರೆಲ್ಲ ನೋಡುತ್ತಿದ್ದಂತೆ ಪ್ರಭುಕುಮಾರ ಖಾಕಿ ಚೀಲ ಹಿಡಿದು ಡ್ರಮ್ಮಿನ ಹತ್ತಿರ ಬಂದ. ಕಿವಿ ಕೆಂಪಾಗಿದ್ದವು.

"ಬರ್ರಿ ಜೋಳದಜ್ಜಿ," ಎಂದಳು ರೂಪಾ ಮೆಲ್ಲಗೆ. "ನಾನೂ ಇವತ್ತು ಮುಂಜಾನೆ ಒಂದು ಹಿಡಿ ಅಕ್ಕಿ ಎತ್ತೀನಿ."

ಅವನ ಮುಖ ಅರಳಿತು. "ಮಾತು ಬಂದ್ವಾ?"

"ಬಂದ್ವು. ಎರಡ ಮಾತು."

"ಏನಂದ್ರಿ?"

ರೂಪಾ ಸುತ್ತ ನೆರೆದವರನ್ನು ನೋಡಿದಳು, ಅವನನ್ನು ನೋಡಿದಳು, ತುಟಿಯಂಚಿನಲ್ಲೇ ನಕ್ಕಳು.

"ನಾಕ ಮಂದಿ ಮುಂದ ನನಗ ಬರಂಗಿಲ್ರಿ!"